ಜಾಗತಿಕ ಬಡತನದ ವಿರುದ್ಧ ಕಾಲೇಜು ವಿದ್ಯಾರ್ಥಿಗಳು ನಿಜವಾಗಿ ಮಾಡಬಹುದಾದದ್ದೇನು?

ಪ್ರಶ್ನೆ: ಧಾರವಾಡದ ಪದವಿ ವಿದ್ಯಾರ್ಥಿನಿ

ವಿಶ್ವಸಂಸ್ಥೆಯು 1992ರಲ್ಲಿ ಅಕ್ಟೋಬರ್ 17ನ್ನು ಬಡತನ ನಿರ್ಮೂಲನಾ ದಿನವೆಂದು ಘೋಷಿಸಿತು. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕವು ಈ ವರ್ಷ ಆ ದಿನವನ್ನು ಆಚರಿಸಬೇಕೆಂದು ತೀರ್ಮಾನಿಸಿದೆಯಾದರೂ, ಹೇಗೆ ಎಂಬ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಜಾಥಾ ಮತ್ತು ಪ್ರಬಂಧ ಸ್ಪರ್ಧೆ ಸಾಕು ಎನ್ನುವವರು ಕೆಲವರು. ಹಣ ಸಂಗ್ರಹಿಸಿ ಆಫ್ರಿಕಾದ ಬಡ ಕುಟುಂಬಗಳಿಗೆ ತಲುಪಿಸೋಣ ಎನ್ನುವವರು ಕೆಲವರು. ನನ್ನ ಸಂದೇಹ ಇವೆರಡಕ್ಕಿಂತ ಮೂಲಭೂತವಾದದ್ದು. ದೇಶದೇಶಗಳ ನಡುವಿನ ಸಾಲ, ವ್ಯಾಪಾರ, ಯುದ್ಧಗಳಿಂದ ಹುಟ್ಟುವ ಬಡತನದ ಮೇಲೆ ಇಪ್ಪತ್ತರ ಹರೆಯದವರ ಗುಂಪೊಂದು ಎಂದಾದರೂ ಪರಿಣಾಮ ಬೀರಿದ್ದುಂಟೆ? ಉಂಟಾದರೆ ಅವರು ಮಾಡಿದ್ದೇನು? ತಿಳಿದವರು ಉದಾಹರಣೆಯೊಂದಿಗೆ ವಿವರಿಸಬೇಕೆಂದು ವಿನಂತಿಸುತ್ತೇನೆ.

ಉತ್ತರ 1: ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಕನ್ನಡಿಗ

ಉಂಟು, ಮತ್ತು ಅದರ ಒಂದು ಮುಖ್ಯ ಘಟ್ಟ ನಡೆದದ್ದು ನಾನಿರುವ ಊರಿನಲ್ಲೇ. 1998ರ ಮೇ 16ರಂದು, ಎಂಟು ಪ್ರಬಲ ರಾಷ್ಟ್ರಗಳ ಕೂಟವಾಗಿದ್ದ ಜಿ-8ರ ನಾಯಕರ ಶೃಂಗಸಭೆಯ ಸಂದರ್ಭದಲ್ಲಿ, ಸುಮಾರು 70,000 ಜನ ಬರ್ಮಿಂಗ್‌ಹ್ಯಾಮ್‌ನ ಬೀದಿಗಳಲ್ಲಿ ಮಾನವ ಸರಪಳಿ ಕಟ್ಟಿ, ಬಡ ರಾಷ್ಟ್ರಗಳ ತೀರಿಸಲಾಗದ ಸಾಲವನ್ನು ಮನ್ನಾ ಮಾಡಬೇಕೆಂದು ಒತ್ತಾಯಿಸಿದರು. 'ಜುಬಿಲಿ 2000' ಎಂಬ ಈ ಚಳವಳಿ ಮೊಳೆತದ್ದು ಕೀಲ್ ವಿಶ್ವವಿದ್ಯಾಲಯದಲ್ಲಿ, ರಾಜ್ಯಶಾಸ್ತ್ರದ ಅಧ್ಯಾಪಕ ಮಾರ್ಟಿನ್ ಡೆಂಟ್ ಮತ್ತು ಅವರ ವಿದ್ಯಾರ್ಥಿಗಳ ನಡುವೆ. ನಿವೃತ್ತ ರಾಜತಾಂತ್ರಿಕ ಬಿಲ್ ಪೀಟರ್ಸ್ ಅವರೊಡನೆ ಕೈಜೋಡಿಸಿದರು; ಚರ್ಚುಗಳೂ ಕಾರ್ಮಿಕ ಸಂಘಗಳೂ ಬಂದದ್ದು ಆಮೇಲೆ.

ಸರಪಳಿಯ ಉದ್ದಕ್ಕಿಂತ ಬೇಡಿಕೆಯ ಖಚಿತತೆ ಅವರ ಬಲವಾಗಿತ್ತೆಂದು ನಾನು ಭಾವಿಸುತ್ತೇನೆ. ಯಾವ ದೇಶಗಳ ಸಾಲ, ಯಾರು ಕೊಟ್ಟ ಸಾಲ, ಯಾವ ವರ್ಷದೊಳಗೆ ಮನ್ನಾ ಆಗಬೇಕು ಎಂಬುದನ್ನು ಅವರು ಲೆಕ್ಕ ಸಮೇತ ಮುಂದಿಟ್ಟಿದ್ದರಿಂದ, ಹಣಕಾಸು ಸಚಿವರು ಬಡವರ ಬಗ್ಗೆ ನಾಲ್ಕು ಮರುಕದ ಮಾತಾಡಿ ನುಣುಚಿಕೊಳ್ಳುವಂತಿರಲಿಲ್ಲ. 1999ರಲ್ಲಿ ಜರ್ಮನಿಯ ಕಲೋನ್ ನಗರದ ಜಿ-8 ಶೃಂಗಸಭೆಯು ಸಾಲ ಪರಿಹಾರದ ಯೋಜನೆಯನ್ನು ವಿಸ್ತರಿಸಿತು. 2005ರ ಜುಲೈನಲ್ಲಿ ಎಡಿನ್‌ಬರೊದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆ ನಡೆಸಿದ ಕೆಲವೇ ದಿನಗಳಲ್ಲಿ, ಗ್ಲೆನ್‌ಈಗಲ್ಸ್‌ನಲ್ಲಿ ಸೇರಿದ ಜಿ-8 ನಾಯಕರು, ಅರ್ಹ ಬಡ ರಾಷ್ಟ್ರಗಳು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವ ಬ್ಯಾಂಕ್ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್‌ಗಳಿಗೆ ತೆರಬೇಕಿದ್ದ ಸಾಲವನ್ನು ಪೂರ್ತಿಯಾಗಿ ಮನ್ನಾ ಮಾಡುವ ಯೋಜನೆಗೆ ಒಪ್ಪಿದರು. ಹಾಗೆ ಋಣಭಾರ ಇಳಿದ ಜಾಂಬಿಯಾ 2006ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳ ಶುಲ್ಕವನ್ನು ರದ್ದುಪಡಿಸಿತು.

ಕಥೆ ಇಲ್ಲಿಗೇ ಸುಖಾಂತ್ಯವಾಗಲಿಲ್ಲ. ಜಾಂಬಿಯಾವು ಕೃಷಿ ಯಂತ್ರೋಪಕರಣಗಳಿಗಾಗಿ ರೊಮೇನಿಯಾದಿಂದ ಮಾಡಿದ್ದ ಹಳೆಯ ಸಾಲವೊಂದನ್ನು ಡೊನಿಗಾಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ 1999ರಲ್ಲಿ ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡು, ಬಡ್ಡಿ ಚಕ್ರಬಡ್ಡಿ ಸೇರಿಸಿ ಐದೂವರೆ ಕೋಟಿ ಡಾಲರ್ ಕೊಡಬೇಕೆಂದು ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿತು; 2007ರಲ್ಲಿ ಅದಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್ ದಕ್ಕಿತು. ನಮ್ಮ ಕಡೆಯ ಲೇವಾದೇವಿಗಾರರೂ ನಾಚುವಂಥ ವ್ಯವಹಾರ. ಸಾಲದ ಚಳವಳಿಗಾರರು ಈ ಪ್ರಕರಣವನ್ನು ಕೈಬಿಡದೆ ಸಂಸತ್ ಸದಸ್ಯರ ಬೆನ್ನುಹತ್ತಿದರು, ಮತ್ತು ಇಂಥ ವಸೂಲಿಗೆ ಮಿತಿ ಹಾಕುವ ಕಾನೂನನ್ನು ಬ್ರಿಟಿಷ್ ಸಂಸತ್ತು 2010ರಲ್ಲಿ ಅಂಗೀಕರಿಸಿತು. ಮೆರವಣಿಗೆಗೆ ಬಂದವರಲ್ಲಿ ಬಹುಪಾಲು ಜನ ಆ ಹೊತ್ತಿಗೆ ಮನೆಗೆ ಮರಳಿ ಚಳವಳಿಯ ಗುರುತಿನ ಕೈಪಟ್ಟಿ ಬಿಚ್ಚಿಟ್ಟಿದ್ದರು. ಕಾನೂನು ಮಾಡಿಸಿದವರು ಉಳಿದ ಕೆಲವರು.

ಉತ್ತರ 2: ರಾಯಚೂರಿನಿಂದ

ಮಾಹಿತಿಗೆ ಧನ್ಯವಾದಗಳು, ಆದರೆ ಮನೆ ಗೆದ್ದು ಮಾರು ಗೆಲ್ಲಬೇಕೆಂಬ ಮಾತನ್ನು ಮರೆಯಬಾರದು. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ನಮ್ಮ ಭಾಗದಿಂದ ಇಂದಿಗೂ ಕುಟುಂಬಗಳು ಬಿತ್ತನೆ ಮುಗಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಿರುವಾಗ, ಧಾರವಾಡದ ವಿದ್ಯಾರ್ಥಿಗಳು ಜಾಂಬಿಯಾದ ಸಾಲದ ಬಗ್ಗೆ ಜಾಥಾ ತೆಗೆದರೆ ನೋಡುವವರಿಗೆ ಏನನ್ನಿಸೀತು?

ಉತ್ತರ 3: ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕಿ

ರಾಯಚೂರಿನವರ ಆಕ್ಷೇಪ ನ್ಯಾಯವಾದದ್ದೇ. ಆದರೆ ಮನೆಯ ಕೆಲಸವೂ ಊರಾಚೆಯ ಕೆಲಸವೂ ಒಂದೇ ಆಗಿರುವ ಸಂದರ್ಭಗಳಿವೆ. 'ಪ್ರಥಮ್' ಸಂಸ್ಥೆಯು 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯನ್ನು ನೋಡಿ. ಪ್ರತಿ ಜಿಲ್ಲೆಯಲ್ಲಿ 30 ಹಳ್ಳಿಗಳನ್ನೂ, ಪ್ರತಿ ಹಳ್ಳಿಯಲ್ಲಿ 20 ಮನೆಗಳನ್ನೂ ಆಯ್ದು, ಮಕ್ಕಳ ಮನೆಯಂಗಳದಲ್ಲೇ ಕುಳಿತು ಅವರಿಂದ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಿಸಿ, ಕಳೆಯುವ ಮತ್ತು ಭಾಗಿಸುವ ಲೆಕ್ಕ ಮಾಡಿಸಿ ದಾಖಲಿಸುವವರಲ್ಲಿ ಅನೇಕರು ಡಯಟ್ ಮತ್ತು ಪದವಿ ಕಾಲೇಜುಗಳ ವಿದ್ಯಾರ್ಥಿಗಳು. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡನೆಯ ತರಗತಿಯ ಪಾಠ ಓದಲು ಬರುವುದಿಲ್ಲವೆಂಬ ಸಂಗತಿ ದೇಶಕ್ಕೆ ತಿಳಿದದ್ದು ಈ ಹುಡುಗ ಹುಡುಗಿಯರ ಕಾಲ್ನಡಿಗೆಯಿಂದ. ಶಾಲೆಗೆ ದಾಖಲಾದವರ ಸಂಖ್ಯೆ ತೋರಿಸಿ ಸಮಾಧಾನಪಡುತ್ತಿದ್ದವರಿಗೆ ಅದು ಮುಜುಗರ ತಂದ ಫಲಿತಾಂಶ.

ಇದೇ ವಿಧಾನವನ್ನು ಪಾಕಿಸ್ತಾನ ಅಳವಡಿಸಿಕೊಂಡಿತು. ಕೆನ್ಯಾ, ತಾಂಜಾನಿಯಾ, ಉಗಾಂಡಗಳಲ್ಲಿ ಅದು 'ಉವೇಜೊ' ಎಂಬ ಹೆಸರಿನಲ್ಲಿ ಮನೆಮನೆಗೆ ಹೋಯಿತು. ಪ್ರಬಂಧ ಸ್ಪರ್ಧೆಯನ್ನು ಕೈಬಿಟ್ಟು, ನಿಮ್ಮ ಘಟಕ ಒಂದೇ ಒಂದು ಹಳ್ಳಿಯಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ ಎಂಬುದು ನನ್ನ ಸಲಹೆ. ಮಕ್ಕಳ ಹೆಸರು ಮಾತ್ರ ಸಭೆಯಲ್ಲಿ ಬರಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೇಡಂ, ಹಳ್ಳಿಯ ಸಮೀಕ್ಷೆಯನ್ನು ಖಂಡಿತ ಘಟಕದ ಮುಂದಿಡುತ್ತೇನೆ. ಬರ್ಮಿಂಗ್‌ಹ್ಯಾಮ್‌ನ ಸರ್ ಅವರಲ್ಲಿ ಇನ್ನೊಂದು ಪ್ರಶ್ನೆ. ಬ್ರಿಟನ್ನಿನ ವಿದ್ಯಾರ್ಥಿಗಳ ಎದುರಿಗೆ ಸಾಲ ಕೊಟ್ಟ ಸರ್ಕಾರವಿತ್ತು, ಸಾಲ ವಸೂಲಿಯ ನ್ಯಾಯಾಲಯವಿತ್ತು. ಧಾರವಾಡದಲ್ಲಿ ಕುಳಿತ ನಾವು ಖಚಿತ ಬೇಡಿಕೆಯನ್ನು ಯಾರ ಮುಂದಿಡಬೇಕು?

ಉತ್ತರ 4: ಬರ್ಮಿಂಗ್‌ಹ್ಯಾಮ್‌ನಿಂದ ಮತ್ತೆ

ಭಾರತವೂ ಈಗ ಸಾಲ ಕೊಡುವ ದೇಶವೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಕ್ಸಿಮ್ ಬ್ಯಾಂಕ್ (ಭಾರತದ ರಫ್ತು-ಆಮದು ಬ್ಯಾಂಕ್) ಮೂಲಕ ಆಫ್ರಿಕಾದ ಮತ್ತು ನೆರೆಹೊರೆಯ ಅನೇಕ ರಾಷ್ಟ್ರಗಳಿಗೆ ನಮ್ಮ ಸರ್ಕಾರದ ಬೆಂಬಲದ ಸಾಲ ಹೋಗಿದೆ. ಶ್ರೀಲಂಕಾದ ಸಾಲವನ್ನು ಮರುಹೊಂದಿಸಲು, ಅಂದರೆ ತೀರಿಸುವ ಷರತ್ತುಗಳನ್ನು ಸಡಿಲಿಸಲು, 2023ರಲ್ಲಿ ರಚನೆಯಾದ ಸಾಲದಾತ ರಾಷ್ಟ್ರಗಳ ಸಮಿತಿಗೆ ಜಪಾನ್ ಮತ್ತು ಫ್ರಾನ್ಸ್ ಜೊತೆ ಭಾರತವೂ ಸಹ ಅಧ್ಯಕ್ಷ ರಾಷ್ಟ್ರವಾಗಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ, ಭಾರತದ ಜಿ-20 ಅಧ್ಯಕ್ಷತೆಯ ಅವಧಿಯಲ್ಲಿ, ರಾಷ್ಟ್ರಗಳ ಸಾಲದ ಬಗೆಗಿನ ಜಾಗತಿಕ ದುಂಡುಮೇಜಿನ ಸಭೆ ಸೇರಿದ್ದು ಬೆಂಗಳೂರಿನಲ್ಲಿ. ಒಮ್ಮೆ ಮನ್ನಾ ಪಡೆದಿದ್ದ ಜಾಂಬಿಯಾ 2020ರ ನವೆಂಬರ್‌ನಲ್ಲಿ ಮತ್ತೆ ಬಾಂಡ್‌ಗಳ ಬಡ್ಡಿ ಕಟ್ಟಲಾಗದೆ ಸುಸ್ತಿದಾರನಾಗಿತ್ತು. ದುಂಡುಮೇಜಿನ ಮುಂದಿದ್ದದ್ದು ಇಂಥ ದೇಶಗಳ ಪ್ರಶ್ನೆ. ಈ ಸಲ ಸಾಲದಾತರ ಪಟ್ಟಿಯಲ್ಲಿ ಚೀನಾವೂ ಖಾಸಗಿ ಬಾಂಡ್‌ದಾರರೂ ಇರುವುದರಿಂದ ಅಂದಿನಂತೆ ಶ್ರೀಮಂತ ರಾಷ್ಟ್ರಗಳ ಕೂಟವೊಂದರ ಮುಂದೆ ಸರಪಳಿ ಕಟ್ಟಿದರೆ ಸಾಲದು.

ಆದ್ದರಿಂದ ನಿಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆದು, ಲೋಕಸಭೆಯಲ್ಲಿ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಸಿಗುವ) ಪ್ರಶ್ನೆಯೊಂದನ್ನು ಕೇಳುವಂತೆ ಕೋರಬಹುದು: ಭಾರತಕ್ಕೆ ಯಾವ ಯಾವ ಬಡ ರಾಷ್ಟ್ರಗಳು ಎಷ್ಟು ಸಾಲ ಕೊಡಬೇಕಿದೆ, ಅವುಗಳಲ್ಲಿ ಎಷ್ಟು ರಾಷ್ಟ್ರಗಳು ಮರುಹೊಂದಿಕೆ ಕೋರಿವೆ, ಸರ್ಕಾರ ಏನು ಉತ್ತರ ಕೊಟ್ಟಿದೆ? ಸದಸ್ಯರು ಒಪ್ಪಿ, ಪ್ರಶ್ನೆ ಸ್ವೀಕೃತವಾದರೆ ಸಚಿವಾಲಯ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಸಾರ್ವಜನಿಕ ದಾಖಲೆಯಾಗುತ್ತದೆ. ಎನ್‌ಎಸ್‌ಎಸ್ ಸರ್ಕಾರಿ ಯೋಜನೆಯಾದ್ದರಿಂದ, ಘಟಕದ ಹೆಸರಿಗಿಂತ ಮತದಾರರಾಗಿ ನಿಮ್ಮ ನಿಮ್ಮ ಹೆಸರಿನಲ್ಲಿ ಬರೆಯುವುದು ಒಳ್ಳೆಯದು. ಕರಡು ಸಿದ್ಧವಾದರೆ ಇಲ್ಲಿ ಹಾಕಿ, ನೋಡಿ ತಿದ್ದಿಕೊಡುತ್ತೇನೆ.