ನೇಪಾಳದ ಹಿಮಾಲಯ ಪ್ರದೇಶದ ಚರಿತ್ರೆ, ಸಂಸ್ಕೃತಿಗೆ ಅಂತರ್ಜಾಲದ ಆಕರಗಳು ಯಾವುವು?

ಪ್ರಶ್ನೆ:
ನೇಪಾಳದ ಗುಡ್ಡಗಾಡಿನ ಸಾಮಾಜಿಕ ಚರಿತ್ರೆಯನ್ನು, ಅದರಲ್ಲೂ ಟಿಬೆಟ್ಟಿನ ಉಪ್ಪಿಗೆ ಪ್ರತಿಯಾಗಿ ಧಾನ್ಯ ಕೊಡುತ್ತಿದ್ದ ಹಳೆಯ ವ್ಯಾಪಾರವನ್ನು ಅಭ್ಯಾಸ ಮಾಡುತ್ತಿದ್ದೇನೆ. ಎಲ್ಲಿ ಹುಡುಕಿದರೂ ಪರ್ವತಾರೋಹಣದ ಕಥೆಗಳೇ ಎದುರಾಗುತ್ತವೆಯೇ ಹೊರತು ಅಲ್ಲಿಯೇ ಹುಟ್ಟಿ ಬೆಳೆದವರ ಬದುಕು ಕಾಣುವುದಿಲ್ಲ. ಉಚಿತವಾಗಿ ಓದಲು ಸಿಗುವ, ನಂಬಬಹುದಾದ ಆಕರಗಳು ಯಾವುವೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
'ಡಿಜಿಟಲ್ ಹಿಮಾಲಯ' ಎಂಬ ಅಂತರ್ಜಾಲ ಸಂಗ್ರಹದಿಂದ ಆರಂಭಿಸಿ. 2000ದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಯೋಜನೆಯಲ್ಲಿ ಮಾನವಶಾಸ್ತ್ರಜ್ಞ ಫ್ಯೂರರ್-ಹೈಮೆನ್‌ಡಾರ್ಫ್ ಚಿತ್ರೀಕರಿಸಿದ ದೃಶ್ಯಗಳೂ 'ಕೈಲಾಶ್' ಮೊದಲಾದ ಪತ್ರಿಕೆಗಳ ಹಳೆಯ ಸಂಚಿಕೆಗಳೂ ಇವೆ. ಆದರೆ ನನ್ನ ಮಟ್ಟಿಗೆ ಅಲ್ಲಿನ ನಿಜವಾದ ನಿಧಿಯೆಂದರೆ ನೇಪಾಳದ ಇತಿಹಾಸಕಾರ ಮಹೇಶಚಂದ್ರ ರೆಗ್ಮಿಯವರ 'ರೆಗ್ಮಿ ರಿಸರ್ಚ್ ಸೀರೀಸ್'. ಸರ್ಕಾರಿ ದಫ್ತರಗಳಲ್ಲಿದ್ದ ಆಜ್ಞೆಗಳನ್ನೂ ಕಂದಾಯದ ಕಾಗದಗಳನ್ನೂ ಇಂಗ್ಲಿಷಿಗೆ ತಂದು 1969ರಿಂದ 1989ರವರೆಗೆ ಅವರು ಪ್ರಕಟಿಸಿದ ಈ ಸರಣಿಯಲ್ಲಿ, ಯಾವ ಜಮೀನು ಯಾವ ಹಕ್ಕಿನಲ್ಲಿತ್ತು, ಸರ್ಕಾರದ ಹೊರೆಯನ್ನು ಯಾರು ಬಿಟ್ಟಿಯಾಗಿ ಹೊರಬೇಕಾಗಿತ್ತು ಎಂಬುದೆಲ್ಲ ಆಳುವವರ ಮಾತಿನಲ್ಲೇ ಸಿಗುತ್ತದೆ.

ಉತ್ತರ 2:
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅನುವಾದದ ಜೊತೆಗೆ ಮೂಲವನ್ನೂ ನೋಡಬೇಕೆನಿಸಿದರೆ ಜರ್ಮನಿಯ ಹೈಡಲ್‌ಬರ್ಗಿನ 'ಡಾಕ್ಯುಮೆಂಟಾ ನೇಪಾಲಿಕಾ' ಎಂಬ ಅಂತರ್ಜಾಲ ಸಂಗ್ರಹವಿದೆ. ಹಲವು ದಾಖಲೆಗಳ ಛಾಯಾಪ್ರತಿ, ಪಠ್ಯ, ಅನುವಾದ ಮೂರೂ ಅಲ್ಲಿ ಒಟ್ಟಿಗೆ ದೊರೆಯುತ್ತವೆ. ಇಸವಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಈ ಕಾಗದಗಳಲ್ಲಿ ಬಹಳಷ್ಟು ವಿಕ್ರಮ ಸಂವತ್ತಿನವು; ಕ್ರಿಸ್ತಶಕದ ಇಸವಿ ತಿಳಿಯಲು ಅದರಿಂದ 57 ಕಳೆದರೆ ಸಾಕೆಂದುಕೊಂಡವರು ಎಡವುತ್ತಾರೆ. ಉದಾಹರಣೆಗೆ, ನೇಪಾಳದ 'ಮುಲುಕಿ ಐನ್' ಎಂಬ ಕಾನೂನು ಸಂಹಿತೆ ಜಾರಿಗೆ ಬಂದದ್ದು ಸಂವತ್ 1910ರ ಪುಷ್ಯದಲ್ಲಿ. ಲೆಕ್ಕಕ್ಕೆ 1853 ಬಂದರೂ ಅದು ನಿಜವಾಗಿ 1854ರ ಜನವರಿ, ಏಕೆಂದರೆ ಅಲ್ಲಿನ ವರ್ಷ ಬದಲಾಗುವುದು ಏಪ್ರಿಲ್ ಹೊತ್ತಿಗೆ.

ಉತ್ತರ 3:
'ಉಪ್ಪಿನ ವ್ಯಾಪಾರ' ಎಂದಷ್ಟೇ ಹುಡುಕಿದರೆ ಹೆಚ್ಚೇನೂ ಸಿಗಲಾರದು. ಊರು, ಕಣಿವೆಗಳ ಹೆಸರು ಹಿಡಿದು ಹುಡುಕಿ. ಕಾಳಿ ಗಂಡಕಿ ಕಣಿವೆಯ ಥಾಕ್ ಖೋಲಾದಲ್ಲಿ, ಮುಖ್ಯವಾಗಿ ಟುಕುಚೆಯಲ್ಲಿ, ನೇಪಾಳವನ್ನು ಆಳಿದ ರಾಣಾ ಪ್ರಧಾನಿಗಳ ಕಾಲದಲ್ಲಿ ಉಪ್ಪಿನ ಸುಂಕದ ಗುತ್ತಿಗೆ ಹಿಡಿದ, ಅಲ್ಲಿಯ ಥಕಾಲಿ ಸಮುದಾಯದ ಮನೆತನಗಳು ಪ್ರಬಲವಾಗಿ ಬೆಳೆದವು. ಕಾಗುಣಿತ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಒಂದೇ ಹೆಸರನ್ನು ಮೂರು ನಾಲ್ಕು ಬಗೆಯಲ್ಲಿ ಬರೆದು ನೋಡಬೇಕಾಗುತ್ತದೆ. ಅದೇ ಕಣಿವೆಯಲ್ಲಿ ಟಿಬೆಟ್ಟಿನ ಗಡಿಯತ್ತ ಇರುವ ಮುಸ್ತಾಂಗಿನ ಮೇಲ್ಭಾಗಕ್ಕೆ ಅಲ್ಲಿಯವರು 'ಲೋ' ಎನ್ನುತ್ತಾರೆ; ಆ ಹೆಸರಿನಲ್ಲೂ ಹುಡುಕಲು ಮರೆಯಬೇಡಿ.