ಪದ ಬೇಕು: ರಷ್ಯಾದ ‘ಡಿಸೆಂಬ್ರಿಸ್ಟ’ರಿಗೆ ಕನ್ನಡದಲ್ಲಿ ಏನೆನ್ನೋಣ?

ಬೆಂಗಳೂರಿನಿಂದ:
ಅನುವಾದವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. 1825ರ ಡಿಸೆಂಬರ್ 14ರಂದು (ರಷ್ಯಾದ ಹಳೆಯ ಕ್ಯಾಲೆಂಡರಿನಂತೆ) ಪೀಟರ್ಸ್‌ಬರ್ಗಿನ ಸೆನೆಟ್ ಚೌಕದಲ್ಲಿ, ಹೊಸ ದೊರೆ ನಿಕೊಲಾಯ್‌ಗೆ ನಿಷ್ಠೆಯ ಪ್ರಮಾಣ ಮಾಡುವುದಿಲ್ಲವೆಂದು ಪಡೆ ಕಟ್ಟಿಕೊಂಡು ನಿಂತರಲ್ಲ, ಆ ಸೇನಾಧಿಕಾರಿಗಳಿಗೆ ಹೆಸರು ಬೇಕು. ಕರಡಿನಲ್ಲಿ ‘ಡಿಸೆಂಬರ್ ದಂಗೆಕೋರರು’ ಎಂದಿದೆ, ಮನಸ್ಸು ಒಪ್ಪುತ್ತಿಲ್ಲ. ‘ಡಿಸೆಂಬರ್‌ವಾದಿಗಳು’ ಆದೀತೇ?

ಧಾರವಾಡದಿಂದ:
ಎರಡೂ ಬೇಡ. ಡಿಸೆಂಬರ್ ಏನು ಸಿದ್ಧಾಂತವೇ, ವಾದಿ ಎನ್ನಲು? ‘ದಂಗೆಕೋರ’ ಎಂದರೆ ಐವರನ್ನು ಗಲ್ಲಿಗೇರಿಸಿದ ದೊರೆಯ ಮಾತನ್ನೇ ಆಡಿದಂತೆ. ಇವರು 1816ರಿಂದಲೇ ಗುಪ್ತ ಸಂಘ ಕಟ್ಟಿ, ರೈತರ ಜೀತ ತೊಲಗಬೇಕು, ಸಂವಿಧಾನ ಬರಬೇಕು ಎಂದವರು. ಬಹುಪಾಲು ದೊಡ್ಡ ಮನೆತನದವರು. ಇವರಲ್ಲಿ ನಿಕಿತಾ ಮುರವ್ಯೋವ್ ದೊರೆಯನ್ನು ಉಳಿಸಿಕೊಂಡೇ ಅವನ ಕೈ ಕಟ್ಟಲು ಹೊರಟ. ಪೆಸ್ತೆಲ್‌ಗೆ ಗಣರಾಜ್ಯವೇ ಬೇಕು. ಇಬ್ಬರಿಗೂ ಒಪ್ಪುವ ಪದ: ಡಿಸೆಂಬರಿಗರು.

ಮೈಸೂರಿನಿಂದ:
ಜನವರಿಯಲ್ಲಿ ಹುಟ್ಟಿದವನು ಜನವರಿಗನೇ? ‘ಇಗ’ ಹತ್ತುವುದು ನೆಲೆಗೆ, ಕಸುಬಿಗೆ, ತಾರೀಖಿಗಲ್ಲ. ಡಿಸೆಂಬ್ರಿಸ್ಟರು ಎಂದು ಬರೆದು ಮುಂದೆ ಹೋಗಿ. ಕಮ್ಯುನಿಸ್ಟರು ದಕ್ಕಿದ ಬಾಯಿಗೆ ಇದು ದಕ್ಕದೇ? ರಷ್ಯನ್ನರ ‘ದೆಕಬ್ರಿಸ್ತ್’ನಲ್ಲಿಯೂ ಆ ‘ಇಸ್ತ್’ ಎರವಲೇ.

ಧಾರವಾಡದಿಂದ:
ಎರವಲಿನ ಫಲ ಆ ಚೌಕದಲ್ಲಿಯೇ ಕಂಡಿತು. ಪಟ್ಟ ಬೇಡವೆಂದಿದ್ದ ನಿಕೊಲಾಯ್‌ನ ಅಣ್ಣ ಕನ್ಸ್ತಾಂತಿನ್‌ಗೂ ‘ಕನ್ಸ್ತಿತೂತ್ಸಿಯಾ’ಗೂ, ಅಂದರೆ ಸಂವಿಧಾನಕ್ಕೂ, ಜಯಕಾರ ಹಾಕಿದ ಸಿಪಾಯಿಗಳು, ಎರಡನೆಯದು ಅವನ ಹೆಂಡತಿಯ ಹೆಸರೆಂದು ತಿಳಿದಿದ್ದರಂತೆ. ಪೆಸ್ತೆಲ್ ಜಾಣ. ತನ್ನ ಸಂವಿಧಾನದ ಕರಡಿನಲ್ಲಿ ಜನಸಭೆಗೆ ನೊವ್ಗೊರೊದ್ ನಗರದ ಹಳೆಯ ಊರಕೂಟದ ಹೆಸರು ‘ವೆಚೆ’ಯನ್ನೇ ಎತ್ತಿಕೊಂಡ.

ಮೈಸೂರಿನಿಂದ:
ಅಂತೆ ಕಂತೆ. ಸಿಪಾಯಿಯನ್ನು ಪೆದ್ದನೆನ್ನುವ ಕಥೆ ಗೆದ್ದವರಿಗೆ ಅನುಕೂಲ. ಆ ಸಿಪಾಯಿಗಳು ಸತ್ತದ್ದು ನಿಕೊಲಾಯ್ ಹಾರಿಸಿದ ತೋಪಿನಿಂದ, ಎರವಲು ಪದದಿಂದಲ್ಲ. ಮುಂದಾಳೆಂದು ಆರಿಸಿದ್ದ ತ್ರುಬೆತ್ಸ್ಕೊಯ್ ಚೌಕಕ್ಕೆ ಬರಲೇ ಇಲ್ಲ. ಅದಕ್ಕೂ ಅಚ್ಚ ಪದವೊಂದನ್ನು ಕೊಡಿ. ನಿಮ್ಮ ಪೆಸ್ತೆಲ್‌ನ ಮನೆತನ ಜರ್ಮನ್ ಮೂಲದ್ದು, ಅದನ್ನೂ ಅನುವಾದಿಸುತ್ತೀರಾ?

ಬೆಂಗಳೂರಿನಿಂದ:
‘ಡಿಸೆಂಬ್ರಿಸ್ಟರು’ ಎಂದು ಹಾಕಿ, ಮೊದಲ ಸಲ ಬರುವಲ್ಲಿ ‘1825ರ ಡಿಸೆಂಬರ್ ಬಂಡಾಯಗಾರರು’ ಎಂದು ಬಿಡಿಸಿ ಬರೆದಿದ್ದೇನೆ. ಇಬ್ಬರಿಗೂ ವಂದನೆ.

ಧಾರವಾಡದಿಂದ:
ಬಂಡಾಯ ಮರಾಠಿಯದು.