ಫ್ರೀಜರ್‌ನಲ್ಲಿಟ್ಟರೂ ಡ್ರೈ ಐಸ್ ಕರಗಿಹೋಗುತ್ತಿದೆ: ತಡೆಯುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ, ಪ್ರೌಢಶಾಲಾ ಶಿಕ್ಷಕಿ):
ಶಾಲೆಯ ವಸ್ತುಪ್ರದರ್ಶನಕ್ಕಾಗಿ ಮಕ್ಕಳು ಕ್ಲೌಡ್ ಚೇಂಬರ್ (ಕಣ್ಣಿಗೆ ಕಾಣದ ವಿಕಿರಣ ಕಣಗಳ ಜಾಡನ್ನು ಮಂಜಿನ ಗೆರೆಗಳಾಗಿ ತೋರಿಸುವ ಪೆಟ್ಟಿಗೆ) ತಯಾರಿಸುತ್ತಿದ್ದಾರೆ. ಅದರ ತಳದ ಲೋಹದ ತಟ್ಟೆಯನ್ನು ತಂಪಾಗಿಡಲು ಮೈಸೂರಿನಿಂದ ಸಣ್ಣ ತುಂಡುಗಳ ರೂಪದಲ್ಲಿ 5 ಕೆ.ಜಿ. ಡ್ರೈ ಐಸ್ ತರಿಸಿ, ತೆಳುವಾದ ಥರ್ಮಾಕೋಲ್ ಡಬ್ಬಿಯಲ್ಲಿ ಹಾಕಿ, ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ಅರ್ಧದಷ್ಟೂ ಉಳಿದಿರಲಿಲ್ಲ. ಫ್ರೀಜರ್ ಕೆಟ್ಟಿದೆಯೇ, ಮಾಲು ಕಳಪೆಯೇ?

ಉತ್ತರ (ಮೈಸೂರಿನಿಂದ):
ನಮಸ್ಕಾರ ಮೇಡಂ. ನೀವು ಹೇಳಿದ ವಿವರಗಳನ್ನು ನೋಡಿದರೆ ಎರಡನ್ನೂ ದೂರುವಂತಿಲ್ಲ. ಡ್ರೈ ಐಸ್ ಎಂದರೆ ಘನರೂಪದ ಕಾರ್ಬನ್ ಡೈಆಕ್ಸೈಡ್. ಸಾಮಾನ್ಯ ವಾಯುಒತ್ತಡದಲ್ಲಿ ಅದು ದ್ರವವಾಗದೆ, ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಅನಿಲವಾಗುತ್ತದೆ. ಇದನ್ನೇ ಉತ್ಪತನ ಎನ್ನುತ್ತಾರೆ. ಮನೆಯ ಫ್ರೀಜರ್ ಇರುವುದು ಮೈನಸ್ 18ರ ಆಸುಪಾಸಿನಲ್ಲಿ, ಅಂದರೆ ಡ್ರೈ ಐಸಿಗಿಂತ 60 ಡಿಗ್ರಿ ಬೆಚ್ಚಗೆ. 27 ಡಿಗ್ರಿಯ ಕೋಣೆಯಲ್ಲಿ ಈ ಅಂತರ ಸುಮಾರು 105. ಡಬ್ಬಿಯ ಗೋಡೆಯ ಮೂಲಕ ಒಳಸೇರುವ ಶಾಖವು ಈ ಅಂತರಕ್ಕೆ ಅನುಗುಣವಾಗಿ ಹೆಚ್ಚು-ಕಡಿಮೆ ಆಗುವುದರಿಂದ, ಫ್ರೀಜರ್ ಉತ್ಪತನದ ವೇಗವನ್ನು ಅರ್ಧದ ಸಮೀಪಕ್ಕೆ ಇಳಿಸಬಲ್ಲದೇ ಹೊರತು ನಿಲ್ಲಿಸಲಾರದು.

ನಿಜವಾದ ಕೊರತೆ ಇರುವುದು ಗೋಡೆಯ ದಪ್ಪದಲ್ಲಿ. ಒಂದು ಕೆ.ಜಿ. ಡ್ರೈ ಐಸ್ ಅನಿಲವಾಗಲು ಸುಮಾರು 570 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖ ಎಷ್ಟು ಹೊತ್ತಿನಲ್ಲಿ ಒಳಗೆ ಬರುತ್ತದೆ ಎಂಬುದೇ ಇಡೀ ಲೆಕ್ಕ. ಥರ್ಮಾಕೋಲ್‌ನ ದಪ್ಪ ಎರಡರಷ್ಟಾದರೆ ಗೋಡೆಯಿಂದ ಬರುವ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಕನಿಷ್ಠ ಎರಡು ಅಂಗುಲ ದಪ್ಪದ, ಮಾಲು ಹಿಡಿಸುವಷ್ಟೇ ಗಾತ್ರದ ಪೆಟ್ಟಿಗೆ ಆರಿಸಿ, ಉಳಿದ ಜಾಗಕ್ಕೆ ಹಳೆಯ ದಿನಪತ್ರಿಕೆ ತುರುಕಿರಿ. ಪದೇ ಪದೇ ಮುಚ್ಚಳ ತೆರೆಯಬೇಡಿ. ತೆರೆದಾಗಲೆಲ್ಲ ಬೆಚ್ಚನೆಯ ತೇವದ ಗಾಳಿ ಒಳನುಗ್ಗಿ, ಅದರಲ್ಲಿನ ನೀರಾವಿ ಹಿಮವಾಗುವಾಗ ಬಿಡುವ ಶಾಖವೂ ಡ್ರೈ ಐಸಿಗೇ ಸೇರುತ್ತದೆ.

ಇನ್ನು ತುಂಡುಗಳ ವಿಚಾರ. 10 ಸೆಂ.ಮೀ. ಘನಾಕೃತಿಯ ಗಟ್ಟಿಯನ್ನು 1 ಸೆಂ.ಮೀ. ತುಂಡುಗಳನ್ನಾಗಿ ಮಾಡಿದರೆ ಹೊರಮೈ ಹತ್ತರಷ್ಟಾಗುತ್ತದೆ. ತೆರೆದ ತಟ್ಟೆಯಲ್ಲಿ, ಅದರಲ್ಲೂ ಫ್ಯಾನಿನ ಗಾಳಿಗೆ, ಇದರ ಪರಿಣಾಮ ಬಹಳ. ಇಡೀ ಗಟ್ಟಿಯನ್ನೇ ಕೇಳಿ ತನ್ನಿ. ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ದಪ್ಪ ಬಟ್ಟೆಯಲ್ಲಿ ಸುತ್ತಿ ಒಡೆಯಿರಿ.

ಪ್ರಶ್ನೆ: ಹಾಗಾದರೆ ಮುಚ್ಚಳಕ್ಕೆ ಟೇಪ್ ಸುತ್ತಿ ಗಾಳಿಯಾಡದಂತೆ ಮಾಡಬಹುದೇ?

ಉತ್ತರ: ದಯವಿಟ್ಟು ಖಂಡಿತ ಬೇಡ. ಒಂದು ಕೆ.ಜಿ.ಯಿಂದ 500 ಲೀಟರಿಗೂ ಹೆಚ್ಚು ಅನಿಲ ಹೊರಡುತ್ತದೆ. ಅದಕ್ಕೆ ದಾರಿ ಸಿಗದಿದ್ದರೆ ಪೆಟ್ಟಿಗೆ ಸಿಡಿಯಬಹುದು. ಅನಿಲವು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಿದ್ದು ನೆಲಮಟ್ಟದಲ್ಲಿ ಶೇಖರವಾಗುವುದರಿಂದ, ಮೈಸೂರಿನಿಂದ ಕಾರಿನಲ್ಲಿ ತರುವಾಗ ಕಿಟಕಿಗಳನ್ನು ತೆರೆದಿಡಿ, ಪ್ರದರ್ಶನದ ಕೋಣೆಯ ಬಾಗಿಲನ್ನೂ ತೆರೆದಿಡಿ. ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ ಚರ್ಮದ ಕೈಗವಸು ಕೊಡಿ. ಸಾಧ್ಯವಾದರೆ ಪ್ರದರ್ಶನದ ದಿನ ಬೆಳಿಗ್ಗೆಯೇ ತರಿಸಿ.